ಆರು ನಿಮಿಷ ಹಾರಿದ ಡ್ರೋನ್, ನಲವತ್ತು ನಿಮಿಷ ಬಾರದ ಹೆಲಿಕಾಪ್ಟರ್

ಓದುಗರ ಪ್ರಶ್ನೆ

ಸ್ಯಾನ್ ಡಿಯಾಗೊ ಕೌಂಟಿಯ ಪೂರ್ವಕ್ಕೆ, ಬೆಟ್ಟದ ಅಂಚಿನ ಬಡಾವಣೆಯಲ್ಲಿ ನಮ್ಮ ಮನೆ. ಕಳೆದ ವರ್ಷ ಬೇಸಿಗೆಯ ಕೊನೆಗೆ ಒಂದು ಮಧ್ಯಾಹ್ನ ಬೆಟ್ಟದ ಆಚೆಯಿಂದ ಹೊಗೆ ಎದ್ದಿತು. ಯಜಮಾನರು ಊರಲ್ಲಿರಲಿಲ್ಲ. ಹಾಸನದಿಂದ ಬಂದಿದ್ದ ಮಾವನವರಿಗೆ ಉಬ್ಬಸ. ಅವರನ್ನು ಕಾರಿಗೆ ಹತ್ತಿಸಿ ಹೊರಡುವುದೋ ಕಾಯುವುದೋ ತಿಳಿಯದೆ, 15 ವರ್ಷದ ಮಗನಿಗೆ ‘ನಿನ್ನ ಡ್ರೋನ್ ಬಿಟ್ಟು ನೋಡು, ಬೆಂಕಿ ಎಲ್ಲಿಗೆ ಬಂದಿದೆ ಅಂತ’ ಅಂದೆ. ಆರು ನಿಮಿಷ ಹಾರಿಸಿ ಇಳಿಸಿದ. ಬೆಂಕಿ ಇನ್ನೂ ಆಚೆ ಮಗ್ಗುಲಲ್ಲೇ ಇತ್ತು. ಅಲ್ಲಿಯವರೆಗೆ ಎರಡು ಹೆಲಿಕಾಪ್ಟರ್ ಹತ್ತಿರದ ಗಾಲ್ಫ್ ಮೈದಾನದ ಕೆರೆಯಿಂದ ನೀರು ಎತ್ತಿ ಸುರಿಯುತ್ತಿದ್ದವು. ಆಮೇಲೆ ಸುಮಾರು ನಲವತ್ತು ನಿಮಿಷ ಒಂದೂ ಬರಲಿಲ್ಲ. ತುಂಬಾ ಎತ್ತರದಲ್ಲಿ ಒಂದು ಸಣ್ಣ ವಿಮಾನ ಮಾತ್ರ ಸುತ್ತುತ್ತಿತ್ತು. ನಮ್ಮ ಮನೆ ಉಳಿಯಿತು, ಆಚೆ ಮಗ್ಗುಲಲ್ಲಿ ಎರಡು ಮನೆ ಸುಟ್ಟವು.

ಅಂದಿನಿಂದ ಮಗ ಡ್ರೋನ್ ಮುಟ್ಟಿಲ್ಲ, ಪೆಟ್ಟಿಗೆಯಲ್ಲೇ ಇದೆ. ‘ಅಮ್ಮಾ, ಅವರು ನಿಂತಿದ್ದು ನಮ್ಮಿಂದಲಾ?’ ಎಂದು ಒಂದೆರಡು ಸಲ ಕೇಳಿದ್ದಾನೆ. ಮೈದುನ ನಗುತ್ತಾರೆ: ಅದು 249 ಗ್ರಾಂ ಆಟಿಕೆ, ವಿಮಾನಕ್ಕೆ ಏನೂ ಆಗಲ್ಲ, ಅವರು ಹಾರುವುದು ಎಲ್ಲೋ ಮೇಲೆ, ಹಾರಿಸಬಾರದ ಜಾಗವಾಗಿದ್ದರೆ ಆ್ಯಪೇ ಬಿಡುತ್ತಿರಲಿಲ್ಲ, ಅಗ್ನಿಶಾಮಕದವರೇ ಡ್ರೋನ್ ಹಾರಿಸುತ್ತಾರಲ್ಲ ಅನ್ನುತ್ತಾರೆ. ಇದರಲ್ಲಿ ನಿಜವೆಷ್ಟು? ವಿಡಿಯೊ ಇನ್ನೂ ಇದೆ, ಅಳಿಸಬೇಕೇ? ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ ಹೋಗುತ್ತೇವೆ. ಅಲ್ಲೂ ಆಗ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ಡ್ರೋನ್ ಒಯ್ದರೆ ಅರಣ್ಯ ಇಲಾಖೆಯವರಿಗಾದರೂ ಉಪಯೋಗವಾದೀತೇ?

— ಹೆಸರು ಬೇಡ ಎಂದಿರುವ ಓದುಗರು, ಕ್ಯಾಲಿಫೋರ್ನಿಯಾ

ಉತ್ತರ

ನಿಮ್ಮ ಪತ್ರದಲ್ಲಿ ಏಳೆಂಟು ಪ್ರಶ್ನೆಗಳಿದ್ದರೂ ನಿದ್ದೆಗೆಡಿಸುತ್ತಿರುವುದು ಒಂದೇ: ಆ ಎರಡು ಮನೆ ಸುಟ್ಟದ್ದು ನಮ್ಮಿಂದಲೇ? ಅದನ್ನೇ ಮೊದಲು ಹಿಡಿಯುತ್ತೇನೆ. ನಾನು ಇಪ್ಪತ್ತೆರಡು ವರ್ಷ ಹೆಲಿಕಾಪ್ಟರ್ ಹಾರಿಸಿದವನು, ಈಗ ಡ್ರೋನ್ ಹಾರಿಸುವವರಿಗೆ ಪಾಠ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಬೆಂಕಿಯ ಮೇಲೆ ಹಾರಿಲ್ಲ. ಆದರೆ ಹೊಟ್ಟೆಯಡಿ ನೀರಿನ ಬಕೆಟ್ ತೂಗಿಸಿಕೊಂಡು ಹಾರುವುದು ಏನೆಂದು ಬಲ್ಲೆ, ಅಲ್ಲಿನವರ ಪದ್ಧತಿಯನ್ನು ಪಾಠಕ್ಕಾಗಿಯೇ ಓದಿಕೊಂಡಿದ್ದೇನೆ.

ನಿಮ್ಮಿಂದ ನಿಂತಿರಬಹುದು, ನಿಲ್ಲದೆಯೂ ಇರಬಹುದು. ಜಾರಿಕೊಳ್ಳಲು ಹೀಗೆ ಹೇಳುತ್ತಿಲ್ಲ. ನೀರು ಎತ್ತುವ ಹೆಲಿಕಾಪ್ಟರ್ ಒಂದೂವರೆ ಎರಡು ಗಂಟೆಗೊಮ್ಮೆ ಇಂಧನಕ್ಕೆ ಹೋಗಲೇಬೇಕು. ಹೋಗಿ, ತುಂಬಿಸಿಕೊಂಡು, ಬರಲು ನಲವತ್ತು ನಿಮಿಷ ಹೆಚ್ಚೇನಲ್ಲ. ಗಾಳಿ ಜೋರಾದರೆ ನಿಲ್ಲಿಸುತ್ತಾರೆ. ಲಾಸ್ ಏಂಜಲಿಸ್‌ನಲ್ಲಿ 2025ರ ಜನವರಿ 7ರ ರಾತ್ರಿ ಪ್ಯಾಲಿಸೇಡ್ಸ್ ಬೆಂಕಿ ಮನೆಗಳನ್ನು ನುಂಗುತ್ತಿದ್ದಾಗ ವಿಮಾನಗಳನ್ನು ಕೆಳಗಿಳಿಸಿದ್ದು ಗಾಳಿ, ಡ್ರೋನ್ ಅಲ್ಲ. ಹೊಗೆ ಕಣಿವೆಯನ್ನು ಮುಚ್ಚಿದರೂ ನಿಲ್ಲುತ್ತದೆ. ಇನ್ನೊಂದು ಮಗ್ಗುಲಲ್ಲಿ ಬೆಂಕಿ ಚಿಮ್ಮಿತೆಂದು ಎರಡನ್ನೂ ಆ ಕಡೆಗೆ ಕಳಿಸಿರಲೂಬಹುದು, ಆಗ ನಿಮ್ಮ ಅಂಗಳಕ್ಕೆ ‘ಬಾರದೇ ಹೋದವು’ ಎಂದೇ ಕಾಣುತ್ತದೆ.

ಇನ್ನು ಎರಡನೆಯ ಸಾಧ್ಯತೆ. ನೀವು ಕಂಡ ಆ ಎತ್ತರದ ಸಣ್ಣ ವಿಮಾನವನ್ನು ಅಲ್ಲಿ ‘ಏರ್ ಅಟ್ಯಾಕ್’ ಅನ್ನುತ್ತಾರೆ. ಅದು ನೀರು ಸುರಿಯುವುದಿಲ್ಲ. ಅದರಲ್ಲಿ ಕೂತವರು ಬೆಂಕಿಯ ಮೇಲಿನ ಆಕಾಶಕ್ಕೆಲ್ಲ ಟ್ರಾಫಿಕ್ ಪೊಲೀಸ್ ಇದ್ದ ಹಾಗೆ: ಯಾವ ಹೆಲಿಕಾಪ್ಟರ್ ಯಾವ ಎತ್ತರದಲ್ಲಿ, ಯಾವ ಟ್ಯಾಂಕರ್ ವಿಮಾನ ಯಾವ ದಿಕ್ಕಿನಿಂದ, ಯಾರು ಮೊದಲು, ಎಲ್ಲ ಅವರ ಮಾತು. ಯಾರಾದರೊಬ್ಬ ಪೈಲಟ್ ರೇಡಿಯೊದಲ್ಲಿ ‘ಡ್ರೋನ್’ ಅಂದರೆ ಸಾಕು, ಕೆಳಗಿರುವವರನ್ನೆಲ್ಲ ಹೊರಗೆ ಕಳಿಸುತ್ತಾರೆ. ತಾವು ಮೇಲೆ ಸುತ್ತುತ್ತಲೇ ಇರಬಹುದು. ಹಾಗಾಗಿ ಆ ವಿಮಾನ ಉಳಿದಿತ್ತು ಎಂಬುದರಿಂದ ಎರಡು ಕಡೆಗೂ ತೀರ್ಮಾನ ಸಿಗದು. ತೀರಾ ತಿಳಿಯಬೇಕಿದ್ದರೆ, ವಿಮಾನಗಳ ಜಾಡು ಉಳಿಸುವ ಸಾರ್ವಜನಿಕ ತಾಣಗಳಲ್ಲಿ ಆ ದಿನದ ದಾಖಲೆ ನೋಡಬಹುದು. ಎರಡು ಹೆಲಿಕಾಪ್ಟರ್ ಹಿಂದೆಮುಂದೆ ಹೊರಟು ನೆಲೆಗೆ ಹೋಗಿದ್ದರೆ ಇಂಧನ ಅನ್ನಿ. ಒಂದೇ ನಿಮಿಷಕ್ಕೆ ಎರಡೂ ಕೆಲಸ ಬಿಟ್ಟು ದೂರದಲ್ಲಿ ಇಳಿದು ಕಾದಿದ್ದರೆ, ಅದೂ ಮಗ ಹಾರಿಸಿದ ಹೊತ್ತಿಗೇ ಆಗಿದ್ದರೆ, ಅನುಮಾನಕ್ಕೆ ಜಾಗವಿದೆ. ಅಷ್ಟಾದರೂ ಮನೆಗಳು ಸುಟ್ಟದ್ದು ಅದರಿಂದಲೇ ಎಂದು ಆಗುವುದಿಲ್ಲ. 2015ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಕಹೋನ್ ಪಾಸ್‌ನಲ್ಲಿ ಐದು ಡ್ರೋನ್ ಕಂಡವೆಂದು ವಿಮಾನಗಳನ್ನು ಇಪ್ಪತ್ತು ನಿಮಿಷದಷ್ಟು ತಡೆದರು. ಅದೇ ಬೆಂಕಿ ಹೆದ್ದಾರಿಗೆ ಹಾರಿ ಸುಮಾರು 20 ವಾಹನ ಸುಟ್ಟವು, ಜನ ಕಾರು ಬಿಟ್ಟು ಓಡಿದರು. ಆ ಇಪ್ಪತ್ತು ನಿಮಿಷ ಸಿಕ್ಕಿದ್ದರೆ ಆ ಕಾರುಗಳು ಉಳಿಯುತ್ತಿದ್ದವೇ? ಇಂದಿಗೂ ಯಾರೂ ಎದೆ ತಟ್ಟಿ ಹೇಳಲಾರರು.

ಆರು ನಿಮಿಷದ ಹಾರಾಟ ಇಷ್ಟು ದೊಡ್ಡ ತಡೆ ಹೇಗಾದೀತು ಎಂಬುದೇ ಹೆಚ್ಚಿನವರಿಗೆ ಅರ್ಥವಾಗದ ಸಂಗತಿ. ನಿಮ್ಮ ಮಗ ಡ್ರೋನ್ ಇಳಿಸಿ, ರೆಕ್ಕೆ ಮಡಚಿ, ಚೀಲಕ್ಕೆ ಹಾಕಿದ. ಹಾರಾಟ ಮುಗಿಯಿತು ಎಂದು ನಿಮಗೆ ಗೊತ್ತು. ಮೇಲಿನವರಿಗೆ ಗೊತ್ತಿಲ್ಲ. ಅವರಿಗೆ ಕಂಡದ್ದು ಒಂದು ಕ್ಷಣ, ಹೊಗೆಯ ಅಂಚಿನಲ್ಲಿ ಏನೋ ಒಂದು ಬೂದು ಬಣ್ಣದ್ದು. ಅದು ಇಳಿಯಿತೋ, ಬೆಟ್ಟದ ಹಿಂದೆ ಸರಿಯಿತೋ, ಇನ್ನೂ ಎರಡಿವೆಯೋ, ಯಾರನ್ನು ಕೇಳಬೇಕು? ಇನ್ನೊಂದು ವಿಮಾನವಾದರೆ ರೇಡಿಯೊದಲ್ಲಿ ಕರೆದು ‘ನೀನೆಲ್ಲಿದ್ದೀಯ’ ಅನ್ನಬಹುದು. ಕಣ್ಣಿಗೆ ಬಿದ್ದ ಡ್ರೋನ್‌ಗಿಂತ ಕಣ್ಣಿಂದ ಮರೆಯಾದ ಡ್ರೋನ್ ಅವರನ್ನು ಹೆಚ್ಚು ಹೊತ್ತು ನೆಲದ ಮೇಲೆ ಕೂರಿಸುತ್ತದೆ. ಇನ್ನೊಂದು ನಷ್ಟ ಸುದ್ದಿಯಲ್ಲಿ ಬರುವುದಿಲ್ಲ. ಕೆಂಪು ರಿಟಾರ್ಡೆಂಟ್, ಅಂದರೆ ಬೆಂಕಿ ಹರಡದಂತೆ ತಡೆಯುವ ದ್ರಾವಣ, ತುಂಬಿಕೊಂಡು ಬಂದ ದೊಡ್ಡ ಟ್ಯಾಂಕರ್ ಸುರಿಯದೆ ಮರಳಿದರೆ, ಅಷ್ಟು ಭಾರ ಹೊತ್ತು ಇಳಿಯುವಂತಿಲ್ಲದಾಗ ಎಲ್ಲೋ ಖಾಲಿ ಜಾಗದಲ್ಲಿ ಚೆಲ್ಲಿಯೇ ಇಳಿಯಬೇಕಾಗುತ್ತದೆ.

ಈಗ ನಿಮ್ಮ ಮೈದುನರ ಮಾತಿಗೆ ಬರೋಣ. ಅವರೊಬ್ಬರೇ ಅಲ್ಲ, ನನ್ನ ಪ್ರತಿ ಬ್ಯಾಚ್‌ನಲ್ಲೂ ಇದೇ ನಾಲ್ಕು ಮಾತು ಹೆಚ್ಚುಕಮ್ಮಿ ಇದೇ ಕ್ರಮದಲ್ಲಿ ಬರುತ್ತವೆ.

249 ಗ್ರಾಂ ಏನು ಮಾಡೀತು? 2025ರ ಜನವರಿ 9ರ ಮಧ್ಯಾಹ್ನ ಏನಾಯಿತೆಂದರೆ: ಪ್ಯಾಲಿಸೇಡ್ಸ್ ಬೆಂಕಿಗೆ ಕೆನಡಾದ ಕ್ವಿಬೆಕ್ ಪ್ರಾಂತ್ಯದಿಂದ ಬಾಡಿಗೆಗೆ ತರಿಸಿದ್ದ ಹಳದಿ-ಕೆಂಪು ‘ಸೂಪರ್ ಸ್ಕೂಪರ್’ ಒಂದು ಕೆಲಸದಲ್ಲಿತ್ತು. ಹೆಸರು ಸಿಎಲ್-415. ಸಮುದ್ರದ ಮೇಲ್ಮೈಯನ್ನು ಸವರಿಕೊಂಡು ಹೋಗಿ ಸುಮಾರು 12 ಸೆಕೆಂಡಿನಲ್ಲಿ 6,000 ಲೀಟರಿಗೂ ಹೆಚ್ಚು ನೀರು ಹೀರಿಕೊಂಡು ಏಳುವ ವಿಮಾನ. ಹತ್ತಿರದ ಸ್ಯಾಂಟಾ ಮೋನಿಕಾದಲ್ಲಿ ಒಬ್ಬರು ಪಾರ್ಕಿಂಗ್ ಕಟ್ಟಡದ ತುದಿಯಿಂದ ಸಣ್ಣ ಡ್ರೋನ್ ಬಿಟ್ಟರು. ಬೆಂಕಿಯ ಹಾನಿ ನೋಡುವ ಆಸೆ. ಎರಡೂವರೆ ಕಿಲೋಮೀಟರಿಗೂ ದೂರ ಹಾರಿಸಿದರು, ಕಣ್ಣಿಗೆ ಕಾಣದಾಯಿತು, ವಿಮಾನದ ರೆಕ್ಕೆಗೆ ಬಡಿಯಿತು. ಬಿದ್ದ ತೂತು ಸುಮಾರು ಏಳೂವರೆ ಸೆಂಟಿಮೀಟರ್ ಅಗಲ, ಹದಿನೈದು ಸೆಂಟಿಮೀಟರ್ ಉದ್ದ. ನಿಮ್ಮ ಮೊಬೈಲ್ ಫೋನನ್ನು ಮೇಜಿನ ಮೇಲಿಟ್ಟು ನೋಡಿ, ಅಷ್ಟು. ವಿಮಾನ ಕ್ಷೇಮವಾಗಿ ಇಳಿಯಿತು, ರಿಪೇರಿಯಾಗಿ ಮರಳುವವರೆಗೆ ದಿನಗಳೇ ಹಿಡಿದವು. ಆ ವಾರದ ಲಾಸ್ ಏಂಜಲಿಸ್‌ನಲ್ಲಿ ಒಂದೊಂದು ವಿಮಾನದ ಒಂದೊಂದು ಗಂಟೆಗೂ ಬೆಲೆ ಇತ್ತು. ಆ ಬೆಂಕಿಯೊಂದರಲ್ಲೇ 6,800ಕ್ಕೂ ಹೆಚ್ಚು ಕಟ್ಟಡ ನಾಶವಾದವು, 12 ಜನ ಸತ್ತರು.

ಸ್ವಲ್ಪ ಲೆಕ್ಕ ಹಾಕಿ. ಕಾಲು ಕೆಜಿ ವಸ್ತುವಿಗೆ ಗಂಟೆಗೆ 200 ಕಿಲೋಮೀಟರ್ ವೇಗದ ವಿಮಾನ ಡಿಕ್ಕಿ ಹೊಡೆದರೆ ಆಗುವ ಹೊಡೆತ, ವೇಗದ ಬೌಲರ್ ಒಬ್ಬ 145ರ ವೇಗದಲ್ಲಿ ಎಸೆದ ಚೆಂಡಿನ ಮೂರು ಪಟ್ಟು. ಚೆಂಡಾದರೂ ದುಂಡಗಿದೆ. ಡ್ರೋನ್ ಒಳಗೆ ನಾಲ್ಕು ಲೋಹದ ಮೋಟಾರು, ಇಟ್ಟಿಗೆಯಂಥ ಬ್ಯಾಟರಿ. ಇದೇ ಕಾರಣಕ್ಕೆ ‘ಹಕ್ಕಿಗಳೂ ಹಾರುತ್ತವಲ್ಲ’ ಎಂಬ ವಾದ ನಿಲ್ಲುವುದಿಲ್ಲ. ಹಕ್ಕಿಗಳು ಹಾರುತ್ತವೆ ಎಂಬುದು ನಿಜ. ಹುಲ್ಲಿಗೆ ಬಿದ್ದ ಬೆಂಕಿಯಂಚಿನಲ್ಲಿ ಹದ್ದುಗಳು ಓಡಿಬರುವ ಹುಳುಹುಪ್ಪಟೆಗೆ ಕಾದು ಸುತ್ತುವುದನ್ನು ನಾನೇ ಬೇಕಾದಷ್ಟು ಕಂಡಿದ್ದೇನೆ. ಒಮ್ಮೆ ಹದ್ದೊಂದು ನನ್ನ ಹೆಲಿಕಾಪ್ಟರಿನ ಮೂತಿಗೆ ಬಡಿದು, ಗಾಜಿನ ಮೇಲೆಲ್ಲ ರಕ್ತ, ಪುಕ್ಕ. ಇಳಿದು ನೋಡಿದರೆ ತಗಡು ಅಂಗೈಯಗಲ ಒಳಗೆ ಸರಿದಿತ್ತು, ಹರಿದಿರಲಿಲ್ಲ. ಹಕ್ಕಿಯ ಮೈ ಬಡಿದ ಕೂಡಲೇ ಹಿಟ್ಟಿನ ಮುದ್ದೆಯ ಹಾಗೆ ಹರಡುತ್ತದೆ. ಡ್ರೋನ್ ಹರಡುವುದಿಲ್ಲ, ಕೊರೆಯುತ್ತದೆ. ಅಮೆರಿಕದ ಡೇಟನ್ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆ 2018ರಲ್ಲಿ ಒಂದು ಕೆಜಿಯಷ್ಟಿದ್ದ ಡ್ರೋನನ್ನು ಸಣ್ಣ ವಿಮಾನದ ರೆಕ್ಕೆಗೆ ಫಿರಂಗಿಯಿಂದ ಹೊಡೆದು ತೋರಿಸಿತು. ಡ್ರೋನ್ ರೆಕ್ಕೆಯ ಅಂಚನ್ನು ತೂರಿ ಒಳಗಿನ ಮುಖ್ಯ ತೊಲೆಗೇ ಏಟು ಕೊಟ್ಟಿತು. ಅಷ್ಟೇ ತೂಕದ, ಹಕ್ಕಿಯ ಮೈಯಂಥ ಜೆಲ್ ಉಂಡೆ ಮೇಲ್ಮೈಯನ್ನು ಹೆಚ್ಚು ಜಜ್ಜಿತು, ಅಷ್ಟು ಆಳಕ್ಕೆ ಇಳಿಯಲಿಲ್ಲ. ಪರೀಕ್ಷೆಯ ವೇಗ ಅತಿಯಾಯಿತು ಎಂದು ಡ್ರೋನ್ ತಯಾರಕರು ತಕರಾರು ತೆಗೆದರು. ಗಂಟೆಗೆ 380 ಕಿಲೋಮೀಟರಿನ ಪರೀಕ್ಷೆ ಅದು, ತಕರಾರು ಪೂರಾ ಸುಳ್ಳಲ್ಲ. ಪ್ಯಾಲಿಸೇಡ್ಸ್‌ನ ತೂತು ಬಿದ್ದದ್ದು ಪ್ರಯೋಗಾಲಯದಲ್ಲಲ್ಲ, ಅಷ್ಟೇ.

ರೆಕ್ಕೆಗೆ ತೂತಾದರೆ ವಿಮಾನ ಮನೆಗೆ ಬಂದೀತು. ನನಗೆ ಹೆಚ್ಚು ಭಯ ಹೆಲಿಕಾಪ್ಟರಿನದು. ನೆಲದಿಂದ ನೂರಡಿ ಮೇಲೆ, ತುಂಬಿದ ಬಕೆಟ್ ತೂಗುತ್ತಾ, ನಿಧಾನಕ್ಕೆ ಹೋಗುವಾಗ ಬಾಲದ ರೋಟರಿಗೆ, ಅಂದರೆ ಹಿಂದೆ ತಿರುಗುವ ಸಣ್ಣ ರೆಕ್ಕೆಗಳಿಗೆ, ಒಂದು ಗಟ್ಟಿ ವಸ್ತು ಬಡಿದರೆ ಸರಿಪಡಿಸಿಕೊಳ್ಳಲು ಎತ್ತರವೂ ಇಲ್ಲ, ವೇಗವೂ ಇಲ್ಲ. ಮೇಲಿದ್ದರೆ ಇಂಜಿನ್ ಕೈಕೊಟ್ಟರೂ ತಿರುಗುವ ರೋಟರಿನ ಬಲದಲ್ಲೇ ಇಳಿಸಬಹುದು. ಆ ಎತ್ತರದಲ್ಲಿ, ಆ ವೇಗದಲ್ಲಿ ಅದಕ್ಕೆ ಪುರುಸೊತ್ತೇ ಸಿಗದು.

‘ಅವರು ಹಾರುವುದು ಎಲ್ಲೋ ಮೇಲೆ’ ಎಂಬುದು ವಿಮಾನ ಎಂದರೆ ಪ್ರಯಾಣದ ವಿಮಾನ ಎಂದುಕೊಂಡವರ ಮಾತು. ನೀರು ಮೇಲಿಂದ ಸುರಿದರೆ ಬೆಂಕಿಗೆ ಮುಟ್ಟುವ ಮೊದಲೇ ಮಂಜಾಗಿ ಹಾರಿಹೋಗುತ್ತದೆ. ಹಾಗಾಗಿ ಸುರಿಯುವವರು ಮರದ ತುದಿಯಿಂದ ಮೂವತ್ತು, ನಲವತ್ತು, ಅರವತ್ತು ಮೀಟರಿಗೆ ಇಳಿದೇ ಬರಬೇಕು. ಹವ್ಯಾಸಿ ಡ್ರೋನ್‌ಗೆ ಅಲ್ಲಿ ಹಾಕಿರುವ ಮಿತಿ 400 ಅಡಿ, ಅಂದರೆ ಸುಮಾರು 120 ಮೀಟರ್. ಬೇರೆ ದಿನಗಳಲ್ಲಿ ಈ ಮಿತಿ ವಿಮಾನವನ್ನೂ ಡ್ರೋನನ್ನೂ ಬೇರೆ ಮಹಡಿಗಳಲ್ಲಿ ಇಡುತ್ತದೆ. ಬೆಂಕಿಯ ದಿನ ವಿಮಾನವೇ ಡ್ರೋನಿನ ಮಹಡಿಗೆ ಇಳಿದು ಬರುತ್ತದೆ. ನಿಮ್ಮ ಮಗ 400 ಅಡಿ ಮೀರಲಿಲ್ಲ ಎಂಬುದು ಇಲ್ಲಿ ಸಮಾಧಾನದ ಮಾತಲ್ಲ.

ಪೈಲಟ್ ನೋಡಿ ತಪ್ಪಿಸಿಕೊಳ್ಳಬಾರದೇ? ತರಗತಿಯಲ್ಲಿ ನಾನು ಒಂದು ಆಟ ಆಡಿಸುತ್ತೇನೆ. ಮೈದಾನದ ಒಂದು ತುದಿಯಲ್ಲಿ ಬೂದು ಬಣ್ಣದ ಸಣ್ಣ ಡ್ರೋನನ್ನು ತೆಂಗಿನಮರದೆತ್ತರದಲ್ಲಿ ನಿಲ್ಲಿಸುತ್ತೇನೆ. ಹುಡುಗರು ಅದನ್ನೇ ನೋಡುತ್ತಾ ಹಿಂದಕ್ಕೆ ನಡೆಯಬೇಕು, ಕಾಣದಾದ ಕೂಡಲೇ ನಿಲ್ಲಬೇಕು. ಮೋಡದ ದಿನ ಇನ್ನೂರು ಹೆಜ್ಜೆಯೊಳಗೆ ಅರ್ಧಕ್ಕರ್ಧ ಜನ ನಿಂತಿರುತ್ತಾರೆ. ಒಂದು ಸಲ ಕಣ್ಣು ಬೇರೆ ಕಡೆ ಹೊರಳಿಸಿ ಮತ್ತೆ ಹುಡುಕಿ ಅಂದರೆ ಉಳಿದವರಲ್ಲೂ ಹೆಚ್ಚಿನವರಿಗೆ ಸಿಗುವುದಿಲ್ಲ. ಇವರು ಇಪ್ಪತ್ತರ ಹುಡುಗರು, ಎಲ್ಲಿದೆ ಎಂದು ಮೊದಲೇ ಗೊತ್ತಿದ್ದವರು, ನೆಲದ ಮೇಲೆ ನಿಂತವರು. ಒಂದಡಿ ಅಗಲದ ಡ್ರೋನ್ 300 ಮೀಟರ್ ದೂರದಲ್ಲಿ ಕೈಚಾಚಿ ಹಿಡಿದ ಸಾಸಿವೆ ಕಾಳಿಗಿಂತ ಚಿಕ್ಕದಾಗಿ ಕಾಣುತ್ತದೆ. ಆ ದೂರದಲ್ಲೇ ಕಣ್ಣಿಗೆ ಬಿತ್ತೆಂದರೂ ಸ್ಕೂಪರ್ ಪೈಲಟ್‌ಗೆ ಉಳಿದದ್ದು ಐದು ಸೆಕೆಂಡು. ಎದುರಿಗೆ ಹೊಗೆ, ಎರಡು ಪಕ್ಕಕ್ಕೂ ಬೆಟ್ಟ, ಒಳಗೆ ಆರು ಟನ್ ನೀರು. ಹೆಲಿಕಾಪ್ಟರ್ ಪೈಲಟ್‌ನ ಕಣ್ಣಂತೂ ಮುಂದೆಯೂ ಇರುವುದಿಲ್ಲ, ಬಾಗಿಲಿಂದ ಬಾಗಿ ಬಕೆಟ್ ನೋಡುತ್ತಿರುತ್ತಾನೆ.

ಆ್ಯಪ್ ತಡೆಯುತ್ತಿತ್ತು ಎಂಬ ಮಾತು ಇವೆಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಒಳ್ಳೆಯ ಜನ ನಂಬುವುದು ಇದನ್ನೇ. ಸ್ಕೂಪರ್‌ಗೆ ಡ್ರೋನ್ ಬಡಿಸಿದವರ ವಕೀಲರೂ, ತಮ್ಮ ಕಕ್ಷಿದಾರರು ಡ್ರೋನಿನ ಜಿಯೊಫೆನ್ಸ್ ತಡೆಯನ್ನು (ನಿಷೇಧಿತ ಜಾಗಕ್ಕೆ ಹಾರದಂತೆ ಡ್ರೋನಿನಲ್ಲೇ ಇರುವ ಬೀಗವನ್ನು) ನೆಚ್ಚಿದ್ದರು, ಅದು ಕೆಲಸ ಮಾಡಲಿಲ್ಲ ಎಂದೇ ಹೇಳಿದರು. ಅದಕ್ಕೂ ಹಿಂದೆ, 2017ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡ್ ಬಳಿ ಸೇನೆಯ ಬ್ಲಾಕ್ ಹಾಕ್ ಹೆಲಿಕಾಪ್ಟರಿಗೆ ಡ್ರೋನ್ ಬಡಿದಾಗ ಅಲ್ಲಿ ತಾತ್ಕಾಲಿಕ ಹಾರಾಟ ನಿರ್ಬಂಧ, ಅವರು ಟಿಎಫ್‌ಆರ್ ಅನ್ನುವುದು, ಜಾರಿಯಲ್ಲಿತ್ತು. ಹಾರಿಸಿದವರ ಟ್ಯಾಬ್ಲೆಟ್‌ಗೆ ಇಂಟರ್ನೆಟ್ ಇರಲಿಲ್ಲ, ಎಚ್ಚರಿಕೆ ಬರಲಿಲ್ಲ. ಡ್ರೋನ್ ನಾಲ್ಕು ಕಿಲೋಮೀಟರ್ ಆಚೆ, ಕಣ್ಣಿಗೆ ಕಾಣದಷ್ಟು ದೂರ ಹೋಗಿತ್ತು. ತನಿಖೆಯವರು ಸಂಪರ್ಕಿಸುವವರೆಗೆ ಡಿಕ್ಕಿಯಾದದ್ದೇ ಅವರಿಗೆ ಗೊತ್ತಿರಲಿಲ್ಲ. ಇನ್ನೊಂದು: ಡ್ರೋನ್ ತಯಾರಿಸುವ ಡಿಜೆಐ ಕಂಪನಿ 2025ರ ಜನವರಿ 13ರಂದು, ಆ ಡಿಕ್ಕಿಯಾದ ನಾಲ್ಕೇ ದಿನಕ್ಕೆ, ಅಮೆರಿಕದಲ್ಲಿ ತನ್ನ ಹಾರಾಟ-ನಿಷೇಧದ ಬೀಗಗಳನ್ನು ತೆಗೆದು ಬರೀ ಎಚ್ಚರಿಕೆ ತೋರಿಸುವ ವ್ಯವಸ್ಥೆಗೆ ಹೋಗುವುದಾಗಿ ಪ್ರಕಟಿಸಿತು. ಹಾರಿಸುವವನೇ ಹೊಣೆ ಎಂಬ ವಾದ ಅದರ ಹಿಂದಿದೆ. ತತ್ತ್ವಕ್ಕೆ ನನ್ನ ತಕರಾರಿಲ್ಲ, ಪ್ರಕಟಿಸಿದ ಹೊತ್ತು ಮಾತ್ರ ವಿಚಿತ್ರ. ನಿಮ್ಮ ಮಟ್ಟಿಗೆ ಅರ್ಥ ಇಷ್ಟೆ: ಪರದೆಯ ಮೇಲೆ ಹಸಿರು ಕಂಡದ್ದು ಅನುಮತಿಯಲ್ಲ. ಹೊತ್ತಿ ಅರ್ಧ ಗಂಟೆಯಾದ ಬೆಂಕಿಗೆ ಟಿಎಫ್‌ಆರ್ ಇನ್ನೂ ಬಂದಿರದೇ ಇರಬಹುದು, ಹೆಲಿಕಾಪ್ಟರ್ ಬಂದಿರುತ್ತದೆ. ಕಾಯ್ದೆಯೂ ಟಿಎಫ್‌ಆರ್‌ಗೆ ಕಾಯುವುದಿಲ್ಲ. ಬೆಂಕಿಯಂಥ ತುರ್ತು ಸ್ಥಳವನ್ನು ಡ್ರೋನಿನಿಂದ ನೋಡಲು ಹೋಗಿ ಕೆಲಸಕ್ಕೆ ಅಡ್ಡಿಯಾದರೆ ಕ್ಯಾಲಿಫೋರ್ನಿಯಾದ ದಂಡ ಸಂಹಿತೆಯಲ್ಲೇ ಅಪರಾಧ.

ಅಗ್ನಿಶಾಮಕದವರ ಡ್ರೋನ್? ಹೌದು, ಹಾರಿಸುತ್ತಾರೆ, ಚೆನ್ನಾಗಿಯೇ ಬಳಸುತ್ತಾರೆ. ರಾತ್ರಿ ಹೊತ್ತು ಶಾಖ ಕಾಣುವ ಕ್ಯಾಮೆರಾದಿಂದ ಬೂದಿಯಡಿಯ ಕೆಂಡ ಹುಡುಕಲು, ಎದುರು ಬೆಂಕಿ ಹಚ್ಚಲು, ಅಂದರೆ ಬರುವ ಬೆಂಕಿಗೆ ಸುಡಲು ಏನೂ ಉಳಿಯದಂತೆ ಮುಂದಿನದನ್ನು ತಾವೇ ಸುಡಲು. ಈ ಎರಡನೆಯದು ನೋಡಲು ಮಜವಾಗಿದೆ: ಪಿಂಗ್‌ಪಾಂಗ್ ಚೆಂಡಿನಂಥ ಗುಂಡುಗಳಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್, ಅದೇ ನಮ್ಮೂರಲ್ಲಿ ಬಾವಿಗೆ ಹಾಕುತ್ತಿದ್ದ ನೇರಳೆ ಹರಳು. ಡ್ರೋನ್ ಒಳಗಿನ ಯಂತ್ರ ಅದಕ್ಕೆ ಗ್ಲೈಕಾಲ್ ಎಂಬ ದ್ರವ ಚುಚ್ಚಿ ಬೀಳಿಸುತ್ತದೆ, ಅರೆ ನಿಮಿಷದ ಆಸುಪಾಸಿನಲ್ಲಿ ಹೊತ್ತಿಕೊಳ್ಳುತ್ತದೆ. ಆ ಡ್ರೋನಿಗೂ ನಿಮ್ಮದಕ್ಕೂ ಇರುವ ಅಂತರ ಯಂತ್ರದ್ದಲ್ಲ. ಅದನ್ನು ಹಾರಿಸುವವರ ಕೈಯಲ್ಲಿ ರೇಡಿಯೊ ಇದೆ, ಕರೆಯಲು ಹೆಸರಿದೆ, ಯಾವ ಎತ್ತರದಲ್ಲಿ ಎಷ್ಟು ಹೊತ್ತು ಎಂದು ಏರ್ ಅಟ್ಯಾಕ್‌ಗೆ ಗೊತ್ತಿದೆ. ‘ಇಳಿಸು’ ಅಂದರೆ ಇಳಿಸುತ್ತಾರೆ, ‘ಇಳಿಸಿದೆ’ ಎಂದು ಹೇಳುತ್ತಾರೆ.

ಕಾನೂನಿನ ವಿಷಯಕ್ಕೆ ನಾನು ವಕೀಲನಲ್ಲ, ಆದರೂ ಕೇಳಿದ್ದೀರಿ. ಕಾಡ್ಗಿಚ್ಚು ಆರಿಸುವ ಕೆಲಸಕ್ಕೆ ಗೊತ್ತಿದ್ದೂ ಅಥವಾ ಲೆಕ್ಕಿಸದೆ ಡ್ರೋನಿನಿಂದ ಅಡ್ಡಿಪಡಿಸಿದರೆ 2018ರ ಫೆಡರಲ್ ಕಾಯ್ದೆಯಡಿ ಎರಡು ವರ್ಷದವರೆಗೆ ಜೈಲು. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಬೇರೆಯಾಗಿ 75,000 ಡಾಲರ್‌ವರೆಗೆ ದಂಡ ಹಾಕಬಹುದು. ಸ್ಕೂಪರ್ ಪ್ರಕರಣದವರು ತಪ್ಪೊಪ್ಪಿಕೊಂಡು, 65,000 ಡಾಲರಿಗೂ ಮೀರಿದ ರಿಪೇರಿ ವೆಚ್ಚ ಕೊಡಲು, 150 ಗಂಟೆ ಸಮುದಾಯ ಸೇವೆ ಮಾಡಲು ಒಪ್ಪಬೇಕಾಯಿತು. ನಿಮ್ಮಲ್ಲಿ ಡಿಕ್ಕಿಯಾಗಿಲ್ಲ, ವರ್ಷವಾಗುತ್ತಾ ಬಂದರೂ ಯಾರೂ ಕೇಳಿಲ್ಲ. ಆದರೂ ವಿಡಿಯೊ ಅಳಿಸಬೇಡಿ. ಮುಂದೆ ಯಾರಾದರೂ ಕೇಳಿದರೆ, ಹಾರಿಸಿದ್ದು ತಪ್ಪು ತಿಳಿವಳಿಕೆ ಅನಿಸಿಕೊಂಡೀತು, ಅಳಿಸಿದ್ದು ಹಾಗಲ್ಲ. ಹಾಗೆಂದು ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬೇಡಿ. ಮಗ ಅಪ್ರಾಪ್ತ, ಹಾಗಾಗಿ ಒಂದು ಗಂಟೆಯ ಮಟ್ಟಿಗೆ ವಿಮಾನಯಾನದ ಕಾನೂನು ಬಲ್ಲ ವಕೀಲರನ್ನು ಕಂಡು ಬನ್ನಿ. ಇನ್ನು ಮುಂದೆಯಾದರೂ ಗೊತ್ತಿರಲಿ: ತಿಳಿಯದೆ ಇಂಥದ್ದೇನಾದರೂ ಆದರೆ ನಾಸಾ ನಡೆಸುವ ಎಎಸ್‌ಆರ್‌ಎಸ್ ಎಂಬ ವರದಿ ವ್ಯವಸ್ಥೆಗೆ ಡ್ರೋನ್ ಹಾರಿಸುವವರೂ ಬರೆಯಬಹುದು. ಹತ್ತು ದಿನದೊಳಗೆ ಬರೆದರೆ, ಉದ್ದೇಶವಿಲ್ಲದ ತಪ್ಪಿಗೆ ಎಫ್‌ಎಎ ದಂಡದಿಂದ ವಿನಾಯಿತಿ ಸಿಗುವ ಸಾಧ್ಯತೆ ಇದೆ. ಕ್ರಿಮಿನಲ್ ಅಪರಾಧಕ್ಕೂ ಅಪಘಾತಕ್ಕೂ ಆ ರಕ್ಷಣೆ ಇಲ್ಲ. ನಿಮ್ಮ ಹತ್ತು ದಿನ ಎಂದೋ ಕಳೆದಿದೆ.

ನೀವು ಕೇಳದ, ಆದರೆ ಇಡೀ ಪತ್ರದ ಅಡಿಯಲ್ಲಿರುವ ಪ್ರಶ್ನೆ ಒಂದಿದೆ: ಡ್ರೋನ್ ಬಿಡದಿದ್ದರೆ ಇನ್ನೇನು ಮಾಡಬೇಕಿತ್ತು? ನೀವು ಸುಮ್ಮನೆ ಕುತೂಹಲಕ್ಕೆ ಹಾರಿಸಿದವರಲ್ಲ. ಉಬ್ಬಸದ ಮಾವ, ಒಬ್ಬರೇ ದೊಡ್ಡವರು, ಹತ್ತು ನಿಮಿಷದಲ್ಲಿ ತೀರ್ಮಾನ. ಅಲ್ಲಿ ‘ವಾಚ್ ಡ್ಯೂಟಿ’ ಎಂಬ ಆ್ಯಪ್ ಇದೆ, ಲಾಭಕ್ಕಲ್ಲದ ಸಂಸ್ಥೆಯದು. ಅಗ್ನಿಶಾಮಕ ರೇಡಿಯೊ ಕೇಳಿಸಿಕೊಳ್ಳುತ್ತಾ ಜನರೇ ಬೆಂಕಿಯ ಗಡಿ ಹಾಕುತ್ತಾ ಹೋಗುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆ ನಡೆಸುವ ‘ಅಲರ್ಟ್ ಕ್ಯಾಲಿಫೋರ್ನಿಯಾ’ ಬೆಟ್ಟಗಳ ಮೇಲೆ ಸಾವಿರಕ್ಕೂ ಹೆಚ್ಚು ಕ್ಯಾಮೆರಾ ಇಟ್ಟಿದೆ, ಯಾರು ಬೇಕಾದರೂ ನೋಡಬಹುದು. ನಿಮ್ಮ ಮಗನ ಆರು ನಿಮಿಷದಲ್ಲಿ ಸಿಕ್ಕ ನೋಟಕ್ಕಿಂತ ಹೆಚ್ಚು ಅದರಲ್ಲಿ ಸಿಗುತ್ತಿತ್ತೇನೋ. ಇವಕ್ಕೂ ಮಿತಿ ಇದೆ. ಗಾಳಿ ದಿನಗಳಲ್ಲಿ ಅಲ್ಲಿ ಕರೆಂಟು ತೆಗೆಯುತ್ತಾರೆ, ವೈಫೈ ಸಾಯುತ್ತದೆ. ಹೊಗೆ ಕವಿದರೆ ಕ್ಯಾಮೆರಾವೂ ಕುರುಡು. ಆ್ಯಪ್ ಐದು ಹತ್ತು ನಿಮಿಷ ಹಿಂದೆ ಬೀಳಬಹುದು. ಅದಕ್ಕೇ ನಿಮ್ಮ ಮನೆ ಯಾವ ಸ್ಥಳಾಂತರ ವಲಯದಲ್ಲಿದೆ ಎಂಬುದನ್ನು ಇವತ್ತೇ ನೋಡಿ, ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿ. ‘ಜೆನಾಸಿಸ್ ಪ್ರೊಟೆಕ್ಟ್’ ಎಂಬ ಆನ್‌ಲೈನ್ ನಕ್ಷೆಯಲ್ಲಿ ಸಿಗುತ್ತದೆ. ಕೌಂಟಿಯವರು ಮೊದಲು ‘ವಾರ್ನಿಂಗ್’ (ಹೊರಡಲು ಸಿದ್ಧರಾಗಿ) ಕೊಡುತ್ತಾರೆ, ಆಮೇಲೆ ‘ಆರ್ಡರ್’ (ಈಗಲೇ ಹೊರಡಿ). ಮುದುಕರು, ಕಾಯಿಲೆಯವರು, ನಿಧಾನದವರು ಇರುವ ಮನೆ ವಾರ್ನಿಂಗ್‌ಗೇ ಹೊರಡಬೇಕು. ಉಬ್ಬಸಕ್ಕೆ ಬೆಂಕಿ ಬೇಡ, ಹೊಗೆ ಸಾಕು. ಬೆಂಕಿ ಎಲ್ಲಿದೆ ಎಂದು ನೋಡುವ ಅಗತ್ಯವೇ ಆ ದಿನ ನಿಮಗಿರಲಿಲ್ಲ, ಹೊಗೆ ಕಂಡಾಗಲೇ ಮಾವನವರನ್ನು ಕರೆದುಕೊಂಡು ಹೊರಡಬಹುದಿತ್ತು. ಇದನ್ನು ನಾನಿಲ್ಲಿ ಬೆಂಗಳೂರಿನಲ್ಲಿ ಫ್ಯಾನಿನಡಿ ಕೂತು ಹೇಳುವುದು ಸುಲಭ ಎಂಬುದೂ ನನಗೆ ಗೊತ್ತು.

ಸಕಲೇಶಪುರಕ್ಕೆ ಡ್ರೋನ್ ತರಲೇಬೇಡಿ. ವಿದೇಶದಲ್ಲಿ ತಯಾರಾದ ಡ್ರೋನ್ ಭಾರತಕ್ಕೆ ತರುವುದನ್ನು 2022ರ ಫೆಬ್ರವರಿಯಲ್ಲೇ ನಿಷೇಧಿಸಿದ್ದಾರೆ. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಹಿಡಿದಿಟ್ಟರೆ ರಜೆಯ ಮೊದಲ ದಿನ ಅಲ್ಲೇ ಮುಗಿಯುತ್ತದೆ. ಇಲ್ಲಿಯೇ ಒಂದು ಸಿಕ್ಕಿದರೂ ಅರಣ್ಯದ ಮೇಲೆ ಇಲಾಖೆಯ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ನಮ್ಮಲ್ಲಿ ಬೆಂಕಿ ಆರಿಸುವುದು ಬಹುಪಾಲು ಇಂದಿಗೂ ನೆಲದ ಮೇಲಿನ ಕೆಲಸ: ಬೇಸಿಗೆಗೆ ಮೊದಲೇ ಬೆಂಕಿ ರೇಖೆ ಸವರುವುದು, ಬಿದ್ದಾಗ ಹಸಿ ಸೊಪ್ಪು ಹಿಡಿದು ಬಡಿಯುವುದು. ಆದರೆ ಹೆಲಿಕಾಪ್ಟರ್ ಬರುವುದೇ ಇಲ್ಲ ಎಂದುಕೊಳ್ಳಬೇಡಿ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಕೆಟ್ ಕಟ್ಟಿಕೊಂಡು ಬಂದಿದ್ದವು. 2024ರ ಏಪ್ರಿಲ್‌ನಲ್ಲಿ ನೈನಿತಾಲ್ ಬಳಿ ಭೀಮತಾಲ್ ಕೆರೆಯಿಂದ ನೀರು ಎತ್ತಿದವು. ಅಂಥ ಕೆರೆಯ ದಡದಲ್ಲಿ ಜನ ಸೇರುತ್ತಾರೆ, ಹೆಲಿಕಾಪ್ಟರ್ ನೀರಿಗೆ ಬಕೆಟ್ ಮುಳುಗಿಸುವುದನ್ನು ಎಲ್ಲರೂ ಮೊಬೈಲ್‌ನಲ್ಲಿ ಹಿಡಿಯುತ್ತಾರೆ. ಹಿಡಿಯಲಿ, ತಕರಾರಿಲ್ಲ. ಆ ಗುಂಪಿನಲ್ಲಿ ಒಬ್ಬ ಡ್ರೋನ್ ಬಿಟ್ಟರೆ ನನ್ನ ಹಳೆಯ ಸಹೋದ್ಯೋಗಿ ನೀರಿನಿಂದ ಏಳುವ ಹೊತ್ತಿಗೆ, ಪೂರ್ತಿ ಭಾರದಲ್ಲಿ, ಅದರ ಎದುರಿಗೇ ಬರುತ್ತಾನೆ. ಗುಡ್ಡದಲ್ಲಿ ಹೊಗೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಯಾವ ಊರಿನ ಯಾವ ದಿಕ್ಕು ಎಂದು ಹೇಳಿ. ಅಷ್ಟು ನಿಖರವಾಗಿ ಹೇಳುವವರು ಅವರಿಗೆ ಡ್ರೋನಿಗಿಂತ ಹೆಚ್ಚು ಉಪಯೋಗ.

ಮಗನಿಗೆ ಏನು ಹೇಳಬೇಕು ಎಂಬುದು ನಿಮ್ಮ ಮನೆಯ ಮಾತು. ನಾನಾಗಿದ್ದರೆ ಮೊದಲು ‘ಹಾರಿಸು ಅಂದವಳು ನಾನು’ ಎಂದು ಒಪ್ಪಿಕೊಂಡು, ಮೇಲಿನ ಜಾಡಿನ ದಾಖಲೆಯನ್ನು ಅವನ ಜೊತೆಗೇ ಕೂತು ನೋಡುತ್ತಿದ್ದೆ. ಏನು ಕಂಡರೂ ಒಟ್ಟಿಗೆ ಕಾಣುವುದು ಒಳ್ಳೆಯದು. ಹವ್ಯಾಸಿಗಳಿಗೆ ಎಫ್‌ಎಎ ಕಡ್ಡಾಯ ಮಾಡಿರುವ ಟ್ರಸ್ಟ್ ಎಂಬ ಪರೀಕ್ಷೆ ಅವನು ಬರೆದಿರದಿದ್ದರೆ ಬರೆಸಿ. ಆನ್‌ಲೈನ್‌ನಲ್ಲಿ ಪುಕ್ಕಟೆ, 249 ಗ್ರಾಂ ಡ್ರೋನಿಗೂ ಬೇಕು. ಮತ್ತೆ ಹಾರಿಸುವ ಮನಸ್ಸಾದರೆ ಪಾರ್ಕಿನಲ್ಲಿ ಹಾರಿಸಲಿ.

ಅದಕ್ಕೂ ಮೊದಲು ಆ ಪೆಟ್ಟಿಗೆಯನ್ನೊಮ್ಮೆ ತೆಗೆದು ನೋಡಿ. ವರ್ಷದ ಹತ್ತಿರ ಮುಟ್ಟದೆ ಇಟ್ಟ ಲಿಥಿಯಂ ಬ್ಯಾಟರಿ ಒಳಗೇ ಉಬ್ಬಿರುವುದುಂಟು. ಸಮತಟ್ಟಾದ ಮೇಜಿನ ಮೇಲಿಟ್ಟಾಗ ಒಂದು ಮೂಲೆ ಎದ್ದು ತೊನೆದಾಡಿದರೆ ಚಾರ್ಜಿಗೆ ಹಾಕಬೇಡಿ, ಕಸದ ಬುಟ್ಟಿಗೂ ಬೇಡ. ಕೌಂಟಿಯವರು ಅಪಾಯದ ತ್ಯಾಜ್ಯ ತೆಗೆದುಕೊಳ್ಳುವ ಜಾಗಕ್ಕೆ ಒಯ್ದು ಕೊಡಿ. ಕೊಡುವವರೆಗೆ ಗ್ಯಾರೇಜಿನಲ್ಲಿ, ಹತ್ತಿಕೊಳ್ಳುವಂಥದ್ದು ಏನೂ ಪಕ್ಕದಲ್ಲಿಲ್ಲದ ಕಡೆ, ಮಣ್ಣಿನ ಕುಂಡದಲ್ಲಿಡಿ.